ಬೆಲ್ಲ ಬಿಟ್ಟ ಶಾಣ್ಯಾ

ರಕ್ತದ ಕ್ಯಾನ್ಸರ್ ಎರಡನೇ ಸಲ ತಿರುಗಿ ಬಂದಾಗ ಅದರ ಜೊತೆಗೆ ನಾನು ಇನ್ನೊಂದು ರೋಗವನ್ನು ಹಚ್ಚಿಕೊಂಡೆ. ಅದು ಓದಿನ ರೋಗ. ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವವನು ನಾನು. ಶಾಲೆ ಬಿಟ್ಟ ಮೇಲೆ ನೂಲಿನ ಚೀಲದ ಮೇಲಿನ ಅಕ್ಷರ ಬಿಟ್ಟು ಬೇರೇನೂ ಓದಿದವನಲ್ಲ. ಆದರೆ ಕೈಯಲ್ಲಿ ಫೋನಿತ್ತು, ಹಾಸಿಗೆಯಲ್ಲಿ ಬೇಕಾದಷ್ಟು ವೇಳೆ ಇತ್ತು. ನೋಡನೋಡುತ್ತ ಅರ್ಧ ಡಾಕ್ಟರ್ ಆದೆ. ಉಳಿದರ್ಧ ಕೊನೆಗೂ ಆಗಲಿಲ್ಲ.

ಪುಣೆಯ ವೈದ್ಯರು ಹೇಳಿದ್ದು ಸರಳವಾಗಿತ್ತು. ಔಷಧಿ ಸೋತಿದೆ. ಇನ್ನು ನಿಮ್ಮ ರಕ್ತದಲ್ಲಿರುವ ಕಾವಲು ಕಣಗಳನ್ನು ಹೊರಗೆ ತೆಗೆದು, ರೋಗದ ಗುರುತು ಹಿಡಿಯುವುದನ್ನು ಪ್ರಯೋಗಾಲಯದಲ್ಲಿ ಕಲಿಸಿ, ಬೆಳೆಸಿ, ತಿರುಗಿ ನಿಮ್ಮ ಮೈಗೇ ಬಿಡುತ್ತೇವೆ. ಅವು ಗೆದ್ದರೆ ನೀವು ಉಳಿಯುತ್ತೀರಿ. ಅಲ್ಲಿಯವರೆಗೆ ಚೆನ್ನಾಗಿ ಉಂಡು ಶಕ್ತಿ ಕೂಡಿಸಿಕೊಂಡು ಬನ್ನಿ. ಈ ಕೊನೆಯ ಮಾತು ನನ್ನ ತಲೆಗೆ ಹೋಗಲಿಲ್ಲ. ಫೋನು ಬೇರೆಯೇ ಹೇಳಿತ್ತು: ಕ್ಯಾನ್ಸರ್ ಬದುಕುವುದು ಸಕ್ಕರೆಯ ಮೇಲೆ, ಸಿಹಿ ನಿಲ್ಲಿಸಿದರೆ ಅದು ಹಸಿದು ಸಾಯುತ್ತದೆ.

ಈ ಉಪಾಯ ನನಗೆ ಬಹಳ ಹಿಡಿಸಿತು. ಚಹಾದ ಸಕ್ಕರೆ ಹೋಯಿತು, ಬೆಲ್ಲ ಹೋಯಿತು. ರೊಟ್ಟಿ ಕೂಡ ಹೊಟ್ಟೆಯೊಳಗೆ ಸಕ್ಕರೆಯೇ ಆಗುತ್ತದೆಂದು ಓದಿ ಅರ್ಧ ರೊಟ್ಟಿಗೆ ಇಳಿದೆ. ಬಂದವರಿಗೆ ಬೆಲ್ಲ-ನೀರು ಕೊಡುತ್ತಿದ್ದ ಮನೆಯಲ್ಲಿ ಬರೀ ನೀರು ಉಳಿಯಿತು. ಮುಧೋಳದಿಂದ ಹೆಂಡತಿಯ ತಮ್ಮ ತನ್ನ ಗಾಣದ ಬೆಲ್ಲದ ಪೆಂಟಿ ಹೊತ್ತು ತಂದರೆ, ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಜೀವಕೋಶದ ಪಾಠ ಹೇಳಿದೆ.

"ಮಾಮಾರ, ಇಲಿ ಬಂತಂತ ಮನಿಗೆ ಬೆಂಕಿ ಹಚ್ಚಿದಂಗ ಆತಲ್ಲರಿ," ಎಂದ.

"ನಿನಗ ಸೈನ್ಸ್ ತಿಳಿಯೂದಿಲ್ಲ, ಸುಮ್ಮನಿರಪಾ," ಎಂದೆ. ಅವನು ಬಿ.ಎಸ್ಸಿ. ಮಾಡಿದವನು.

ಸಂಕ್ರಾಂತಿಗೆ ಓಣಿಯವರು ಬಂದು, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣ್ರಿ," ಎಂದು ಕೈಗೆ ಕುಸುರೆಳ್ಳು ಹಾಕಿ ಕಾಲು ಮುಟ್ಟಿದರು. ಅವರಿಗೆ ಬೇಡ ಎನ್ನಲಾಗದೆ ಎಲ್ಲವನ್ನೂ ಅಂಗಿಯ ಕಿಸೆಗೆ ಹಾಕಿದೆ. ಸಂಜೆಯ ಹೊತ್ತಿಗೆ ಇರುವೆಗಳು ಕಿಸೆ ಹುಡುಕಿಕೊಂಡು ಬಂದವು. ತಿನ್ನುವುದನ್ನು ತಿನ್ನಬೇಕು ಎಂಬ ಬುದ್ಧಿ ಅವಕ್ಕಿತ್ತು.

ಕಣ ತೆಗೆಸಿಕೊಳ್ಳಲು ಪುಣೆಗೆ ಹೊರಟಾಗ ಪ್ಯಾಂಟನ್ನು ನೂಲಿನಿಂದ ಬಿಗಿದು ಕಟ್ಟಿಕೊಂಡಿದ್ದೆ. ಆಸ್ಪತ್ರೆಯ ತೂಕದ ಯಂತ್ರದ ಮೇಲೆ ಎದೆಯುಬ್ಬಿಸಿ ನಿಂತು, ನನ್ನ ಉಪಾಯವನ್ನು ವೈದ್ಯರಿಗೆ ವಿವರಿಸಿ, ಶಾಬಾಸ್ ಎನ್ನುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಆಮೇಲೆ ಮರಾಠಿಯಲ್ಲಿ ಸಾವಕಾಶವಾಗಿ ತಿಳಿಸಿ ಹೇಳಿದರು. ಸಿಹಿ ಬಿಟ್ಟರೆ ಈ ರೋಗ ಹಸಿಯುವುದಿಲ್ಲ. ನೀವು ತಿನ್ನದಿದ್ದರೆ ಮೈ ತನ್ನ ಮಾಂಸವನ್ನೇ ಕರಗಿಸಿ ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಕಾವಲು ಕಣಗಳಿಗೂ ಕಾದಾಡಲು, ಸಂಖ್ಯೆ ಹೆಚ್ಚಿಸಿಕೊಳ್ಳಲು ಬೇಕಾದದ್ದು ಅದೇ ಸಕ್ಕರೆ. ಇಷ್ಟು ಸೊರಗಿದ ಮೈಯಿಂದ ಈಗ ಕಣ ತೆಗೆಯುವುದು ಬೇಡ, ತೂಕ ಬರಲಿ. ಅಲ್ಲಿಯವರೆಗೆ ರೋಗ ಕಾಯುತ್ತದೋ ಇಲ್ಲವೋ, ಅದನ್ನು ನಾನು ಹೇಳಲಾರೆ ಎಂದರು.

ಗಂಜಿ ಹಾಕದ ಹಾಸುನೂಲನ್ನು ಮಗ್ಗಕ್ಕೇರಿಸಿದರೆ ಎಳೆ ಹರಿಯುತ್ತದೆಂದು ಕೆಲಸದವರ ಮೇಲೆ ಜೀವಮಾನವಿಡೀ ಕೂಗಾಡಿದವನು ನಾನು. ನನ್ನ ಮೈಗೇ ಗಂಜಿ ತಪ್ಪಿಸಿ ಕೂತಿದ್ದೆ. ಎರಡು ಸಲ ಕ್ಯಾನ್ಸರ್ ಎಂದಾಗಲೂ ಆಗದಷ್ಟು ಹೆದರಿಕೆ ವೈದ್ಯರ ಮುಂದಿನ ಆ ಕುರ್ಚಿಯಲ್ಲಿ ಆಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ವೈದ್ಯರ ಮಾತನ್ನೆಲ್ಲ ಹೆಂಡತಿಗೆ ಕನ್ನಡದಲ್ಲಿ ಹೇಳಿದೆ. ಜಮಖಂಡಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ಎರಡು ಚಹಾ ತಂದಳು. ಬಾಯಿಗಿಟ್ಟರೆ ಪಾಕದಷ್ಟು ಸಿಹಿ.

"ನಿಮ್ಮ ಜೋಡಿ ನಾನೂ ಸಕ್ಕರಿ ಬಿಟ್ಟಿದ್ನಿ," ಎಂದಳು. ನನಗದು ಗೊತ್ತೇ ಇರಲಿಲ್ಲ. ಓದುವುದರಲ್ಲಿ ಅಷ್ಟು ಮುಳುಗಿದ್ದೆ.

"ನನಗ ಶಾಣ್ಯಾ ಗಂಡ ಬ್ಯಾಡ್ರಿ. ಇರೂ ಗಂಡ ಬೇಕು. ಕುಡೀರಿ."

ಕುಡಿದೆ. ಮನೆ ಮುಟ್ಟಿದ ಮೇಲೆ ರೊಟ್ಟಿ, ಝುಣಕ, ಶೇಂಗಾ ಹೋಳಿಗೆ, ಸಜ್ಜಕ, ಅವಳ ತಮ್ಮನ ಬೆಲ್ಲ, ತಾಟಿಗೆ ಬಿದ್ದದ್ದನ್ನೆಲ್ಲ ತಿಂದೆ. ವಾಂತಿಯಾದರೆ ಬಾಯಿ ತೊಳೆದುಕೊಂಡು ಮತ್ತೆ ತಾಟಿನ ಮುಂದೆ ಕೂತೆ. ಒಳಗೆ ರೋಗ ಮುಂದಿದೆಯೋ ನಾನು ಮುಂದಿದ್ದೇನೋ ತಿಳಿಯುತ್ತಿರಲಿಲ್ಲ. ಫೋನನ್ನು ಹೆಂಡತಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಳು. ನಾನೂ ಕೇಳಲಿಲ್ಲ.

ಅಂತೂ ತೂಕ ಬಂತು, ಹೋದ ವಾರ ಪುಣೆಯಲ್ಲಿ ಕಣ ತೆಗೆದರು. ಕೈಯಿಂದ ನಳಿಗೆಯಲ್ಲಿ ಹೊರಟ ರಕ್ತ ಒಂದು ಯಂತ್ರದೊಳಗೆ ಹೋಗಿ, ಬೇಕಾದ ಕಣಗಳನ್ನು ಅಲ್ಲಿ ಬಿಟ್ಟು, ಇನ್ನೊಂದು ಕೈಗೆ ತಿರುಗಿ ಬರುತ್ತಿತ್ತು. ಕೊನೆಗೆ ಸಣ್ಣ ಚೀಲವೊಂದರಲ್ಲಿ ಮಾಸಲು ಕೆಂಪು ನೀರಿನಂಥದ್ದು ಕೂಡಿತು. ನಾನು ಉಳಿಯುವುದು ಬಿಡುವುದು ಇನ್ನು ಅದರ ಮೇಲೆಯೇ. ಅದನ್ನು ಪ್ರಯೋಗಾಲಯಕ್ಕೆ ಒಯ್ಯಲು ಬಂದ ಹೆಣ್ಣುಮಗಳನ್ನು ಹೆಂಡತಿ ಬಾಗಿಲಲ್ಲಿ ತಡೆದಳು.

"ಅಲ್ಲಿ ಇವಕ್ಕ ತಿನ್ನಾಕ ಏನ್ ಹಾಕ್ತೀರಿ?"

ಹೆಂಡತಿಗೆ ಮರಾಠಿ ಬಾರದು. ನಾನು ನಾಚಿಕೊಳ್ಳುತ್ತ ಆ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದೆ. ಸಕ್ಕರೆ ಇರುವ ದ್ರಾವಣದಲ್ಲೇ ಬೆಳೆಸುತ್ತೇವೆ ಎಂದು ಆಕೆ ನಕ್ಕು ಹೇಳಿದಳು. ಅದನ್ನು ಕನ್ನಡದಲ್ಲಿ ತಿಳಿಸಿದೆ. ಹೆಂಡತಿ ಆ ಚೀಲಕ್ಕೆ ಕೈ ಮುಗಿದಳು. ಅಷ್ಟು ದಿನ ನನ್ನ ಮುಂದೆ ಒಮ್ಮೆಯೂ ಅಳದವಳು ಅಲ್ಲಿ ನಿಂತು ಅಳತೊಡಗಿದಳು.

"ಹೊಟ್ಟಿ ತುಂಬ ಹಾಕ್ರೆವ್ವಾ," ಎಂದಳು. "ಮನ್ಯಾಗ ಭಾಳ ಉಪವಾಸ ಬಿದ್ದಾವ."

ಆ ಮಾತನ್ನು ಮರಾಠಿಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ.