ನಾನು ನುಂಗಿದ ಒಂದು ಸನ್ನೆ

ಗಂಗಮ್ಮಜ್ಜಿಗೆ ಎದ್ದು ಹೋಗು ಅಂದದ್ದು ನೀವಲ್ಲ ಮೇಷ್ಟ್ರೇ — ನಾನು. ಮೂರು ವರ್ಷ ಮುಚ್ಚಿಟ್ಟಿದ್ದೆ. ಈಗ ನನಗೆ ಹದಿನೇಳು. ಸಣ್ಣ ಹುಡುಗಿ, ಗೊತ್ತಾಗಲಿಲ್ಲ ಎಂದು ತಪ್ಪಿಸಿಕೊಳ್ಳುವ ವಯಸ್ಸೂ ಕೈಬಿಡುತ್ತಿದೆ.

ಭರಮಸಾಗರದಲ್ಲಿ ನಿಮ್ಮ ಹತ್ತಿರ ಯೋಗ ಕಲಿಯದವರು ಯಾರು? ಬೆಳಗ್ಗೆ ಐದೂವರೆಗೆ ಶಾಲೆಯ ಮೈದಾನದಲ್ಲಿ ಶುರು. ಫೀಸಿಲ್ಲ, ಬದಲಿಗೆ ದಿನಕ್ಕೊಂದು ಕೈಕೆಲಸ — ಯಾರದೋ ಅಂಗಳ ಗುಡಿಸುವುದು, ಕಣ್ಣು ಕಾಣದವರ ಉಗುರು ಕತ್ತರಿಸುವುದು. "ಯೋಗ ಅಂದ್ರೆ ಅರ್ಧ ಕಾಲ್ಬೆರಳು ಮುಟ್ಟಾಕೆ ಬಗ್ಗಾದು, ಇನ್ನರ್ಧ ಕಸ ಎತ್ತಾಕೆ ಬಗ್ಗಾದು" ಅನ್ನುತ್ತಿದ್ದಿರಿ. ನಾನು ಮೊದಲನೇ ಅರ್ಧದಲ್ಲಿ ಭಾರಿ ಜಾಣೆ. ನೀವು ಶೀರ್ಷಾಸನ ಹಾಕಿದರೆ ಕೆರೆಯ ಕೊಕ್ಕರೆಗಳೆಲ್ಲ ತಲೆಕೆಳಗಾಗಿ ನಿಲ್ಲುತ್ತವೆ ಎಂದು ಹೊಳಲ್ಕೆರೆಯ ನೆಂಟರವರೆಗೂ ಸುದ್ದಿ ಹಬ್ಬಿಸಿದ್ದೆ. ಅದೂ ಸುಳ್ಳು — ಒಂದೇ ಒಂದು ಕೊಕ್ಕರೆ, ಬರೀ ಕತ್ತು ಓರೆ ಮಾಡಿತ್ತು.

ಸೋಮವಾರ ನಿಮಗೆ ಮೌನ. ಅವತ್ತು ಪಾಠವೆಲ್ಲ ಕೈಸನ್ನೆಯಲ್ಲೇ. ಸನ್ನೆಗೆ ಅರ್ಥ ಹೇಳುವ ಕೆಲಸ ನನ್ನದು — ನೀವು ಕೊಟ್ಟದ್ದಲ್ಲ, ನಾನೇ ಕಿತ್ತುಕೊಂಡದ್ದು. ನೀವು ಬೆರಳೊಂದು ಎತ್ತಿದರೆ ನಾನು ಭಾಷಣ ಮಾಡುತ್ತಿದ್ದೆ. ಜನ ನಗುತ್ತಿದ್ದರು. ಆ ನಗು — ಏನು ಹೇಳಲಿ — ಬಿಸಿ ಮಿರ್ಚಿ ಬಜ್ಜಿಯ ಹಾಗೆ, ಒಂದಕ್ಕೇ ಸಾಕಾಗುತ್ತಿರಲಿಲ್ಲ.

ಅಂಥ ಒಂದು ಸೋಮವಾರ, ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಾರುವ ಗಂಗಮ್ಮಜ್ಜಿ ಮೊದಲ ಸಲ ಬಂದಳು. ಊದಿದ ಮಂಡಿ, ಹೊಸ ಚಾಪೆ. ಗೇಟಿನ ಹತ್ತಿರವೇ, ಅವತ್ತು ಹಿಂದಿನ ಸಾಲಿನಲ್ಲಿದ್ದ ನನ್ನ ಮತ್ತು ಗೆಳತಿಯರಿಬ್ಬರ ಪಕ್ಕದಲ್ಲಿ ಕೂತಳು. ಅವಳು ಕೂತು ಮುಗಿಸುವಷ್ಟರಲ್ಲಿ ನಾವು ಮೂರು ಸೂರ್ಯನಮಸ್ಕಾರ ಮುಗಿಸಿದ್ದೆವು. ಸರಿ — ಒಂದು. ಮೈದಾನದ ಆ ತುದಿಯ ಕಟ್ಟೆಯಿಂದ ನೀವು ನೋಡಿದಿರಿ. ಅಂಗೈಯನ್ನು ಕೆಳಕ್ಕೆ ಒತ್ತಿದಿರಿ. ಎದೆ ಮುಟ್ಟಿಕೊಂಡಿರಿ. ಎರಡು ಬೆರಳು ನಡೆಸಿದಿರಿ. ಕೈಗಳನ್ನು ಸೇರಿಸಿ ಮನೆಯ ಸೂರು ತೋರಿಸಿದಿರಿ. ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು: ನೀವು ಕೂತಿರಿ, ನಾನೇ ನಿಮ್ಮ ಮನೆಗೆ ಬರುತ್ತೇನೆ.

"ಅಜ್ಜಿ," ಎಂದೆ, "ನೀನು ಕುಂತ್ರೆ ನೆಲ ಕುಸೀತೈತಂತೆ. ಎದ್ದು ಮನೆಗೆ ನಡಿ ಅಂತಾರೆ ಮೇಷ್ಟ್ರು."

ಗೆಳತಿಯರಿಬ್ಬರು ಉರುಳಾಡಿ ನಕ್ಕರು. ಅವರು ನಗುವುದು ಕಂಡು, ಅಷ್ಟು ದೂರದಿಂದ, ಏನೆಂದು ಕೇಳಿಸದೆ — ನೀವೂ ನಕ್ಕಿರಿ. ಅಜ್ಜಿ ಅದನ್ನು ನೋಡಿದಳು. ಚಾಪೆ ಸುತ್ತಿಕೊಂಡಳು. ಏಳಲು ಅವಳಿಗೆ ಹೊತ್ತೇ ಹಿಡಿಯಲಿಲ್ಲ.

ಇಡೀ ಸನ್ನೆಯಲ್ಲಿ ನಾನು ನುಂಗಿದ್ದು ಒಂದನ್ನೇ — ಎದೆ ಮುಟ್ಟಿದ ಆ ಬೆರಳನ್ನು, ನಿಮ್ಮ "ನಾನು" ಎಂಬುದನ್ನು. ಆ ಜಾಗದಲ್ಲಿ ನನ್ನ "ನಾನು" ಬಂದು ಕಾಲು ಚಾಚಿ ಕೂತಿತು.

ಮಾರನೇ ದಿನ ನೀವು ಎಣ್ಣೆ ಬಾಟಲಿ ಹಿಡಿದು ಅವಳ ಮನೆಗೆ ಹೋದಿರಿ. ಮುಖದ ಮೇಲೆ ಬಾಗಿಲು ಹಾಕಿದಳು. "ಸೇವೆ ಮಾಡ್ತೀನಂತ ಹೊರಟೆ, ನನ್ನ ಜಂಬ ಕಂಡಿರಬೇಕು ಅವರಿಗೆ" ಎಂದು ನೀವು ನಮಗೆ ಹೇಳಿದಿರಿ. ಜಂಬದ ನಿಜವಾದ ಒಡತಿ ನಾನು, ಮೊದಲ ಸಾಲಿನಲ್ಲೇ ಪದ್ಮಾಸನ ಹಾಕಿ ಕೂತಿದ್ದೆ. ಅವತ್ತಿನಿಂದ ಯಾರ ಮನೆಗೆ ಹೋದರೂ ನೀವು ಹೊಸಿಲಾಚೆ ನಿಂತು ಬರಬಹುದಾ ಎಂದು ಎರಡೆರಡು ಸಲ ಕೇಳುತ್ತೀರಿ. ಪ್ರತಿ ಸಲವೂ ಆ ಎರಡನೆಯದು ನನಗೆ —

ಮೊನ್ನೆ ಅಜ್ಜಿಗೆ ಎಲ್ಲ ಹೇಳಿದೆ, ಮಂಡಕ್ಕಿ ಚೀಲದ ಹಿಂದೆ ಅರ್ಧ ಅಡಗಿಕೊಂಡು. ನಿಮ್ಮ ಸನ್ನೆಯನ್ನು ಪೂರ್ತಿ ಮಾಡಿ ತೋರಿಸಿದೆ. ಅವಳು ಅಳೆಯುವ ಸೇರನ್ನು ಕೆಳಗಿಟ್ಟಳು.

"ಮೂರು ವರ್ಷ ಆ ಪುಣ್ಯಾತ್ಮ ಶರಣು ಅಂದಾಗೆಲ್ಲ ಮಕ ತಿರುವಿ ತಿರುವಿ ನನ್ ಕತ್ತೇ ಉಳುಕೈತೆ. ಇದುಕ್ಕೆ ಯಾವ ಆಸನ ಐತೇ ನಿನ್ನತ್ರ?"

ನನಗೆ ನಗು ಬಂತು. ಅವಳೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಾನೇ ಒಂದು ಸನ್ನೆ ಮಾಡಿದಳು: ಅಂಗೈ ಕೆಳಕ್ಕೆ ಒತ್ತಿದಳು, ಎದೆ ಮುಟ್ಟಿಕೊಂಡಳು, ಎರಡು ಬೆರಳು ನಡೆಸಿದಳು, ಶಾಲೆಯ ಕಡೆ ಕೈ ತೋರಿಸಿದಳು.

"ಹಿಂಗೇ ಒಯ್ದು ತೋರ್ಸು. ಬಾಯಿ ಬಿಟ್ಯೋ, ಕಾಣ್ತೀಯ."

ಇವತ್ತು ಸೋಮವಾರ. ಬಯ್ಯಲಾಗದ ದಿನ ನೋಡಿ ಈ ಹುಡುಗಿ ಕಾಗದ ಕೊಟ್ಟಳು ಎಂದು ನೀವು ಅಂದುಕೊಂಡರೆ ಅದು ಅರ್ಧ ನಿಜ. ಇನ್ನರ್ಧ — ನಿಮ್ಮ ಮೌನವನ್ನು ನಾನು ಕೆಡಿಸಿದ್ದೂ ಸೋಮವಾರವೇ. ನಾಳೆ ಎಲ್ಲರ ಮುಂದೆ ಇದನ್ನು ಓದುತ್ತೇನೆ, ಒಂದು ಕೊಕ್ಕರೆಯನ್ನೂ ಸೇರಿಸದೆ.

ಈಗ ತಲೆ ಎತ್ತಿ ಮೇಷ್ಟ್ರೇ. ಎದುರಿಗೇ ನಿಂತಿದ್ದೇನೆ. ಅಜ್ಜಿಯ ಸನ್ನೆ ತೋರಿಸುತ್ತೇನೆ, ಅರ್ಥ ನೀವೇ ಮಾಡಿಕೊಳ್ಳಿ. ಎದೆ ಮುಟ್ಟುವ ಬೆರಳನ್ನು ಈ ಸಲ ಬಿಡುವುದಿಲ್ಲ.