ಕನ್ನಡಕದವರ ನೀಲಿ ಕಾರು

ಕನ್ನಡಕದವರು ಮೊದಲ ಸಲ ನನ್ನ ಬಾಗಿಲಿಗೆ ಬಂದದ್ದು ಹಳೇ ಬಟ್ಟೆ ಕೇಳಿಕೊಂಡು. ಅವರ ಪಕ್ಕದ ಮನೆಗೆ ನಾನು ಬಾಡಿಗೆಗೆ ಬಂದು ವಾರವಾಗಿತ್ತು ಅಷ್ಟೆ.

"ಅಕ್ಕಾ, ನೀವು ಆಸ್ಪತ್ರೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡೋ ಕೆಲಸದಲ್ಲಿ ಇದ್ರಂತೆ. ಮೆತ್ತಗಿನ ಹತ್ತಿ ಬಟ್ಟೆ ಇದ್ರೆ ಕೊಡಿ," ಎಂದರು, ನನ್ನ ಕಿವಿಯ ಪಕ್ಕದ ಗೋಡೆ ನೋಡುತ್ತಾ.

ಸೊಕ್ಕಿನ ಮನುಷ್ಯ ಅಂದುಕೊಂಡೆ. ಆಮೇಲೆ ತಿಳಿಯಿತು, ನೇರ ನೋಡಿದರೆ ಅವರಿಗೆ ಎಲ್ಲ ಮಸುಕು, ಓರೆಯಲ್ಲಿ ಮಾತ್ರ ಒಂದಿಷ್ಟು ಕಾಣುತ್ತದೆ ಎಂದು. ಮೂವತ್ತೆಂಟು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿದವರು.

ಎರಡು ಹಳೇ ದಿಂಬಿನ ಗವಸು ಕೊಟ್ಟೆ. ಅಂಗಳದಲ್ಲಿ ಅವರ ನೀಲಿ ಕಾರಿತ್ತು, ಹೆಂಡತಿ ಇದ್ದಾಗ ಕೊಂಡದ್ದು; ಈಗ ಕೊಳೆ ಕೂತು ಬಣ್ಣ ಮಂಕಾಗಿತ್ತು. ಭಾನುವಾರ ಮಗಳು ಬಂದು ಅವರನ್ನು ತನ್ನ ಮನೆಗೆ ಕರೆದೊಯ್ಯುವವಳಿದ್ದಳು. ಕಾರಿನ ಇಂಜಿನ್ ಚೆನ್ನಾಗಿದೆ, ಆದರೆ ಈ ಅವತಾರದಲ್ಲಿ ಅದನ್ನು ಓಡಿಸಲಾರೆ, ಗುಜರಿಗೆ ಕೊಡೋಣ ಎಂದಿದ್ದಳಂತೆ. ಹೇಗಾದರೂ ಉಜ್ಜಿ ಹೊಳಪು ತರಿಸಿ ಅದನ್ನು ಉಳಿಸಿಕೊಳ್ಳಬೇಕು ಎಂದು ಇವರ ಹಠ. ಉಳಿದದ್ದು ಆರು ದಿನ.

ಮಧ್ಯಾಹ್ನದ ಬಿಸಿಲಿನಲ್ಲಿ ಇಡೀ ಕಾರಿಗೆ ಒಟ್ಟಿಗೇ ಹೊಳಪಿನ ವ್ಯಾಕ್ಸ್ ಮೆತ್ತಿದರು. ಅದು ಒಣಗಿ ಬೆಳ್ಳಗೆ ಕಚ್ಚಿಕೊಂಡಿತು. ಮೇಲಿನ ಮಹಡಿಯ ಬಸ್ ಡ್ರೈವರ್ ಬಾಲ್ಕನಿಯಿಂದ ಬಗ್ಗಿ ನೋಡಿದ.

"ಏನ್ ಕನ್ನಡಕದವರೇ, ಕಾರಿಗೆ ಸುಣ್ಣ ಹೊಡೆಸಿದ್ರಾ?"

"ಹೂಂ. ಆಮೇಲೆ ಕಿಟಕಿ ಬಾಗಿಲು ಇಡ್ತೀನಿ, ನೀನೂ ಬಾಡಿಗೆಗೆ ಬಾ."

ಡಬ್ಬಿಯ ಮೇಲೆ ಏನು ಬರೆದಿದೆ ಎಂದು ನಾನು ಕೇಳಿದೆ. ಅಕ್ಷರ ಇರುವೆ ಸಾಲಿನ ಹಾಗಿದೆ, ಕಾಣಲ್ಲ ಎಂದರು. ನನಗೆ ಕಾಣುತ್ತದೆ, ಓದು ಕಡಿಮೆ. ಕೂಡಿಸಿ ಕೂಡಿಸಿ ಓದಿದೆ; ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಚಹಾ ಆರಿತ್ತು. ನೆರಳಿನಲ್ಲಿ ಹಚ್ಚಬೇಕು. ತೆಳ್ಳಗೆ. ಒಂದು ಭಾಗ ಹಚ್ಚಿ, ಮಂಜು ಕವಿದ ಹಾಗೆ ಆದಮೇಲೆ ಒರೆಸಿ, ಇನ್ನೊಂದು ಭಾಗಕ್ಕೆ ಹೋಗಬೇಕು.

"ಇಸ್ತ್ರಿ ಮಾಡಿದ ಹಾಗೇ. ಮೊದಲು ಕಾಲರು, ಆಮೇಲೆ ತೋಳು," ಎಂದೆ.

ಕಚ್ಚಿದ್ದನ್ನು ಬಿಡಿಸುವುದಕ್ಕೇ ಎರಡು ದಿನ ಹೋಯಿತು. ಮತ್ತೆ ತೊಳೆದೆವು. ಸೋಪಿನ ನೀರಿಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ಒಣಗಿದ ಮೇಲೆ ಅವರು ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿದರು; ಹಾಗೆ ಮುಟ್ಟಿದರೆ ಸಣ್ಣ ಕಣವೂ ಬೆರಳಿಗೆ ಸಿಗುತ್ತದಂತೆ.

"ಇಲ್ಲಿ ಇನ್ನೂ ಕೊಳೆ ಇದೆ."

ನಾನು ಬಗ್ಗಿ ನೋಡಿದೆ, ಏನೂ ಕಾಣಲಿಲ್ಲ. ನನ್ನ ಕೈಗೂ ಚೀಲ ಹಾಕಿಸಿದರು. ನಿಜ, ಮರಳು ಕಾಗದ ಮುಟ್ಟಿದ ಹಾಗಿತ್ತು. ಅದಕ್ಕೆಂದೇ ಸಿಗುವ ಜೇಡಿಯಂಥ ಮುದ್ದೆಯನ್ನು ಸೋಪು ನೀರು ಹಚ್ಚಿದ ಬಣ್ಣದ ಮೇಲೆ ಆಡಿಸಿ, ಅಂಗೈಯಗಲ ಅಂಗೈಯಗಲ ನುಣುಪು ಮಾಡಿದರು. ಆಮೇಲೆ ನೆರಳಿನಲ್ಲಿ ಒಂದೊಂದೇ ಭಾಗಕ್ಕೆ ವ್ಯಾಕ್ಸ್ ಹಚ್ಚಿದೆವು. ಅವರ ಬೆರಳಿಗೆ ಗೊತ್ತಾಗದ್ದು ಒಂದೇ, ಒರೆಸಿದ ಮೇಲೆ ಉಳಿಯುವ ಬಿಳಿ ಗೆರೆ. ಅದನ್ನು ನಾನು ಹೇಳುತ್ತಿದ್ದೆ.

ಒಮ್ಮೆ ಬಟ್ಟೆ ನೆಲಕ್ಕೆ ಬಿತ್ತು. ಕೊಡವಿ ತೆಗೆದುಕೊಂಡೆ.

"ಬಿದ್ದದ್ದು ಬೇಡ ಅಕ್ಕ, ಒಗೆಯೋಕೆ ಹಾಕಿ. ಒಂದು ಮರಳಿನ ಕಣ ಸಾಕು, ಬಣ್ಣದ ಮೇಲೆ ನಿಮ್ಮ ಹೆಸರು ಬರೆಯತ್ತೆ."

"ನನಗಂತೂ ನೆಟ್ಟಗೆ ಬರೆಯಕ್ಕೆ ಬರಲ್ಲ, ಅದಾದ್ರೂ ಬರೀಲಿ," ಎಂದೆ. ಬಟ್ಟೆ ಒಗೆಯಲು ಹಾಕಿದೆ.

ಶನಿವಾರ ಸಂಜೆ ಮುಗಿಯಿತು. ಭಾನುವಾರ ಮಗಳು ಬಂದಳು. ಕಾರಿಗೆ ಒಂದು ಸುತ್ತು ಹಾಕಿದಳು. ಕನ್ನಡಕದವರು ಅವಳ ಚಪ್ಪಲಿಯ ಸದ್ದಿಗೆ ಕುತ್ತಿಗೆ ತಿರುಗಿಸುತ್ತಾ ನಿಂತಿದ್ದರು.

"ಹಿಂದಿನ ಬಾಗಿಲಿನ ಈ ಗುಳಿ ಹಾಗೇ ಇದೆಯಲ್ಲ ಅಪ್ಪ?"

"ಅದು ವ್ಯಾಕ್ಸಿಗೆ ಹೋಗಲ್ಲಮ್ಮ. ತಗಡು ತಟ್ಟೋವನ ಹತ್ತಿರ ಹೋಗ್ಬೇಕು."

ಅವಳು ಮುಂದಿನ ಬಾಗಿಲ ಹತ್ತಿರ ಬಗ್ಗಿದಳು. ಬಣ್ಣದಲ್ಲಿ ತನ್ನ ಮುಖ ಕಂಡಿರಬೇಕು, ಹಾರಾಡುತ್ತಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

"ಗುಜರಿಯವನಿಗೆ ಬೇಡ ಅಂತೀನಿ. ನಾನೇ ಓಡಿಸ್ತೀನಿ. ಹತ್ತಪ್ಪ," ಎಂದು ಅಪ್ಪನ ಪೆಟ್ಟಿಗೆ ತರಲು ಒಳಗೆ ಹೋದಳು.

ಅವರು ಹತ್ತಲಿಲ್ಲ. ನನ್ನ ಮೊಣಕೈ ಹುಡುಕಿ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದರು: "ಅಕ್ಕಾ, ಅವಳು ಕಾರು ನೋಡಿ ಹಾಗಂದ್ಲಾ, ಇಲ್ಲ ನನ್ನ ಮುಖ ನೋಡಿ ಅಂದ್ಲಾ?"