ನನ್ನ ಹೆಂಡತಿಯ ಕಿಡ್ನಿ ಎಲ್ಲಿ ಹೋಯಿತು?

೨೦೦೬ನೇ ಇಸವಿ. ಆಗ ನಾನು ಯಶವಂತನಗರದ ಹತ್ತಿರ ಒಂದು ಗಣಿಯಲ್ಲಿ ಲಾರಿಗಳ ತೂಕ ಬರೆಯುವ ಕೆಲಸದಲ್ಲಿದ್ದೆ. ಅದಿರಿನ ತೂಕ ಕಡಿಮೆ ತೋರಿಸಲೆಂದು ಖಾಲಿ ಲಾರಿ ತೂಗುವಾಗ ಕ್ಯಾಬಿನ್ನಿನಲ್ಲಿ ಕಲ್ಲು ಬಚ್ಚಿಟ್ಟಿದ್ದಾರೋ, ಅದಿರು ತುಂಬಿದ ಮೇಲೆ ಡ್ರೈವರ್ ಕೆಳಗಿಳಿದಿದ್ದಾನೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡಬೇಕು. ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು ಎಂದರೂ ತಪ್ಪಿಲ್ಲ. ಆ ಚಟ ನಿಧಾನಕ್ಕೆ ಮನೆಗೂ ಬಂತು.

ಆ ವರ್ಷ ನನ್ನ ಹೆಂಡತಿ ಗಿರಿಜಾಳ ಮುಖ ಊದಿಕೊಂಡು ದುಂಡಗಾಯಿತು. ಹೊಟ್ಟೆ ಬಂತು, ಕೈಕಾಲು ಸಣ್ಣಗಾದವು, ಬಿ.ಪಿ. ಇಳಿಯಲೇ ಇಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ತೋರಿಸಿದೆವು. ಒಂದೊಂದು ಕಿಡ್ನಿಯ ಮೇಲೂ ಅಡ್ರಿನಲ್ ಎಂಬ ಸಣ್ಣ ಗ್ರಂಥಿ ಇರುತ್ತದಂತೆ, ಎಡಗಡೆಯದರಲ್ಲಿ ಗಂಟಾಗಿದೆ ಎಂದರು. ಆಪರೇಷನ್ ಮಾಡಿ, ನಿಂಬೆಹಣ್ಣಿನಷ್ಟಿದ್ದ ಗಂಟನ್ನು ನನಗೆ ತೋರಿಸಿದರು ಕೂಡ.

ಮನೆಗೆ ಹೊರಟಾಗ ಸರ್ಜನ್ ನನ್ನನ್ನು ಕರೆದು, "ಆ ಗಂಟಿನಿಂದಾಗಿ ಬಲಗಡೆ ಗ್ರಂಥಿ ಕೆಲಸ ನಿಲ್ಲಿಸಿಬಿಟ್ಟದ. ಅದು ಮತ್ತ ಚಾಲೂ ಆಗೋತನಕ ಈ ಮಾತ್ರೆ ಬೇಕ. ಒಂದಿನಾನೂ ತಪ್ಪಸಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿದರು. ನಾನು ತಲೆಯಾಡಿಸಿದೆ.

ಆದರೆ ಆಗ ನಮ್ಮ ಗಣಿಯ ಕ್ಯಾಂಟೀನಿನಲ್ಲಿ ಕಿಡ್ನಿ ಕದಿಯುವವರ ಸುದ್ದಿಯೇ ಸುದ್ದಿ. ತಿಂಗಳಾದ ಮೇಲೆ ಒಂದು ದಿನ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಬಸಣ್ಣ ಗಾಯ ಎಲ್ಲಿದೆ ಎಂದು ಕೇಳಿದ. ಎಡ ಪಕ್ಕೆಯ ಕೆಳಗೆ ಎಂದೆ. "ಲೇ, ಅದು ಕಿಡ್ನಿ ಇರೋ ಜಾಗ! ಗಂಟು ತೋರಿಸಿ ಕಿಡ್ನಿ ಹೊಡಕೊಂಡಾರ ನೋಡು" ಎಂದ. ನನ್ನ ಊಟ ಅಲ್ಲಿಗೇ ನಿಂತಿತು.

ಅಂದು ಸಂಜೆಯೇ ಗಿರಿಜಾಳನ್ನು ಕಿರಾಣಿ ಅಂಗಡಿಗೆ ಕರೆದುಕೊಂಡು ಹೋಗಿ, ಅಕ್ಕಿ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದೆ. ಆಸ್ಪತ್ರೆಯ ಚೀಟಿಯಲ್ಲಿ ಆಪರೇಷನ್ನಿಗೆ ಮುಂಚೆ ಎಪ್ಪತ್ತೆರಡು ಕಿಲೋ. ಈಗ ಅರವತ್ತಾರು. ನಿಂಬೆಹಣ್ಣು ಎಷ್ಟು ತೂಗೀತು? ಉಳಿದದ್ದು ಎಲ್ಲಿ ಹೋಯಿತು? ಲಾರಿಯಾಗಿದ್ದರೆ ಗೇಟಿನಲ್ಲೇ ತಡೆಯುತ್ತಿದ್ದೆ. ಮೈಯ ಊತ ಇಳಿದಿದೆ ಎಂಬುದಾಗಲಿ, ಕಿಡ್ನಿಯೂ ಆರು ಕಿಲೋ ತೂಗುವುದಿಲ್ಲ ಎಂಬುದಾಗಲಿ ಹೊಳೆಯಲಿಲ್ಲ, ಅಷ್ಟು ಜಾಣ ನಾನು. ಗಂಟು ತೆಗೆದ ಮೇಲೆ ಮಾತ್ರೆ ಯಾಕೆ ಎಂಬ ಸಂಶಯ ಬೇರೆ ಸೇರಿಕೊಂಡಿತು. ಕಿಡ್ನಿ ಇಲ್ಲದ್ದು ಗೊತ್ತಾಗದಿರಲಿ ಎಂದೇ ಕೊಟ್ಟಿದ್ದಾರೆ ಎಂದು ತೀರ್ಮಾನಿಸಿದೆ.

"ಭಾನುವಾರ ಹೊಸಪೇಟ್ಯಾಗ ಸ್ಕ್ಯಾನ್ ಮಾಡಿಸೋಣ. ಅಲ್ಲಿತನಕ ಈ ಮಾತ್ರೆ ಬ್ಯಾಡ" ಎಂದೆ.

"ಒಂದಿನಾನೂ ತಪ್ಪಸಬ್ಯಾಡ ಅಂದಾರಲ್ರೀ ಡಾಕ್ಟ್ರು?"

"ಅವರು ಅಂತಾರ. ನಿನಗೇನ್ ಗೊತ್ತು, ಸುಮ್ನಿರು" ಎಂದು ಗದರಿಸಿ, ಮಾತ್ರೆಯ ಪಟ್ಟಿಗಳನ್ನೆಲ್ಲ ನನ್ನ ಅಂಗಿಯ ಕಿಸೆಗೆ ಹಾಕಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳಲಾಗದೆ ಕುಸಿದಳು. ಕುಡಿದ ನೀರೂ ವಾಂತಿಯಾಯಿತು. ಕೈ ತಣ್ಣಗಾಗಿತ್ತು. ಕಂಪನಿಯ ಜೀಪಿನಲ್ಲಿ ಹೊಸಪೇಟೆಯ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಹೇಳಲು ನಾಚಿಕೆಯಾಗುತ್ತದೆ, ದಾರಿಯುದ್ದಕ್ಕೂ ನನಗೆ ಭಯಕ್ಕಿಂತ ಹೆಚ್ಚಾಗಿ ಕಳ್ಳರನ್ನು ಹಿಡಿದೆ ಎಂಬ ಹುಮ್ಮಸ್ಸೇ ಇತ್ತು.

ಅಲ್ಲಿದ್ದ ಡಾಕ್ಟರಮ್ಮ ಬಿ.ಪಿ. ತೀರಾ ಇಳಿದದ್ದು ನೋಡಿ ಗಾಬರಿಯಾದರು. "ಏನ್ ಆಪರೇಷನ್ ಆಗ್ಯದ? ಯಾವ ಮಾತ್ರೆ ತಗೋತಾರ? ಚೀಟಿ ಎಲ್ಲಿ?" ಎಂದು ಕೇಳಿದರು.

ಚೀಟಿ ನನ್ನ ಕೈಚೀಲದಲ್ಲೇ ಇತ್ತು. ಕೊಡಲಿಲ್ಲ. ಡಾಕ್ಟರು ಡಾಕ್ಟರು ಎಲ್ಲ ಒಂದೇ, ಚೀಟಿ ನೋಡಿದರೆ ಹುಬ್ಬಳ್ಳಿಯವರ ಪರವೇ ಮಾತಾಡುತ್ತಾರೆ ಎಂದುಕೊಂಡೆ. "ಹೊಟ್ಟೆ ಆಪರೇಷನ್ರಿ. ಮಾತ್ರೆ ಗೀತ್ರೆ ಏನಿಲ್ಲ. ಮೊದಲ ಸ್ಕ್ಯಾನ್ ಮಾಡಿ ಕಿಡ್ನಿ ಎಷ್ಟ್ ಅದಾವ ಹೇಳ್ರಿ" ಎಂದೆ.

ಗಿರಿಜಾಳ ತುಟಿ ಅಲುಗಿತು. ಡಾಕ್ಟರಮ್ಮ ಬಗ್ಗಿ ಕಿವಿಗೊಟ್ಟರು. "ಮಾತ್ರಿ... ಅವರ ಕಿಸೇದಾಗ ಅದಾವ್ರಿ... ಕೊಡವಲ್ಲರು" ಎಂದಳು.

ಡಾಕ್ಟರಮ್ಮ ನನ್ನ ಕಿಸೆಗೆ ತಾವೇ ಕೈಹಾಕಿದರು. ಪಟ್ಟಿಯ ಮೇಲಿನ ಹೆಸರು ಓದಿದ್ದೇ ತಡ, ನರ್ಸನ್ನು ಕೂಗಿ ಇಂಜೆಕ್ಷನ್ ಕೊಟ್ಟು ಸಲೈನ್ ಹಚ್ಚಿದರು. "ಇನ್ನೊಂದು ತಾಸು ಹಿಂಗ ಸುಳ್ಳು ಹೇಳಿಕೋತ ಕುಂತಿದ್ರ ಹೆಣ ಒಯ್ತಿದ್ದಿ" ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಸಾಯಂಕಾಲದ ಹೊತ್ತಿಗೆ ಗಿರಿಜಾ ಎದ್ದು ಕೂತು ಗಂಜಿ ಕುಡಿದಳು. ಮರುದಿನ ಸ್ಕ್ಯಾನೂ ಆಯಿತು. "ಎರಡೂ ಅದಾವ. ಸಮಾಧಾನ ಆತಿಲ್ಲ?" ಎಂದರು ಡಾಕ್ಟರಮ್ಮ.

ವರ್ಷದೊಳಗೆ ಅವಳು ಪೂರ್ತಿ ಗುಣವಾದಳು, ಆ ಮಾತ್ರೆಗಳೂ ನಿಂತವು. ಈ ಸಂಗತಿಯನ್ನು ಅವಳು ತವರಿನವರಿಗೂ ಹೇಳಿಲ್ಲ, ನನ್ನನ್ನು ಒಂದು ದಿನವೂ ಬೈದಿಲ್ಲ. ಆದರೆ ಇವತ್ತಿಗೂ ತಲೆನೋವೆಂದು ನಾನೊಂದು ಮಾತ್ರೆ ತಂದುಕೊಟ್ಟರೆ, ಅದನ್ನು ಬೆಳಕಿಗೆ ಹಿಡಿದು ಹೆಸರು ಓದುತ್ತಾಳೆ. ಆಮೇಲೆ ನನ್ನ ಮುಖ ನೋಡುತ್ತಾಳೆ. ಆಮೇಲೆ ನುಂಗುತ್ತಾಳೆ. ಅಷ್ಟು ಹೊತ್ತೂ ನಾನು ನೀರಿನ ಲೋಟ ಹಿಡಿದು ನಿಂತಿರುತ್ತೇನೆ.